ಅಂತೋಣಿಯಾರ್ ಕೈಯ ಮಗು

ಚಿನ್ನದ ಗಣಿಯ ಊರಿಗಾಂನಲ್ಲಿ, ಕೆಲಸಗಾರರ ಸಾಲುಮನೆಗಳ ಲೈನಿನ ಪುಟ್ಟ ಚರ್ಚಿನಲ್ಲಿ ಸಂತ ಅಂತೋಣಿಯಾರ್ ಕೈಯ ಮಗುವನ್ನು ಕದ್ದವಳು ನಮ್ಮಮ್ಮ. ಅವಳು ಕದಿಯುವಂತೆ ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂರುವುದು ನನ್ನಿಂದ ಈಗ ಆಗುವುದಿಲ್ಲ. ಆಗ, ಹದಿನೆಂಟರ ವಯಸ್ಸಿನಲ್ಲಿ, ಒಂದೇ ಒಂದು ಮಾತನ್ನು ಒಂದೂವರೆ ವರ್ಷ ಇಟ್ಟುಕೊಂಡಿದ್ದೆ. ಅದರಿಂದಲೇ ಇರಬೇಕು, ಆಮೇಲೆ ಜೀವಮಾನವಿಡೀ ಕೂತಲ್ಲಿ ಕೂರಲಾಗಲಿಲ್ಲ. ಬಂಗಾರಪೇಟೆಯ ಶಾಲೆಯಲ್ಲಿ ಮೇಷ್ಟ್ರಮ್ಮನಾಗಿದ್ದಷ್ಟು ಕಾಲವೂ ಓಡಾಡಿಕೊಂಡೇ ಪಾಠ ಹೇಳಿದೆ. ನನ್ನ ಕುರ್ಚಿ ಹೊಸದಾಗಿಯೇ ಉಳಿಯಿತು, ಚಪ್ಪಲಿ ಮಾತ್ರ ವರ್ಷಕ್ಕೆ ಎರಡು ಜೊತೆ ಸವೆಯಿತು.

ನಮ್ಮದು ಬೂದಿಕೋಟೆಯ ಹತ್ತಿರದ ಹಳ್ಳಿ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ಅಮ್ಮ, ಅಣ್ಣ, ನಾನು, ಹಿತ್ತಿಲಲ್ಲಿ ಎರಡು ಎಮ್ಮೆ. ಅಣ್ಣನಿಗೆ ಹೊಲ ಎಂದರೆ ಆಗದು. ಯಾವ ಸಣ್ಣ ಜಗಳವಾದರೂ "ನಾನು ಗಣಿಗೆ ಓಗ್ತೀನಿ, ಅಲ್ಲಿ ಸಂಬ್ಳ ಕೊಡ್ತಾರೆ, ಬೈಗುಳ ಕೊಡಾಕಿಲ್ಲ" ಎಂದು ಟವೆಲು ಹೆಗಲಿಗೆ ಹಾಕಿಕೊಳ್ಳುವನು. ಅಮ್ಮ ಹೊಸ್ತಿಲಿಗೆ ಅಡ್ಡ ಕೂತು "ನನ್ನ ದಾಟ್ಕಂಡು ಓಗು ನೋಡಾನ" ಎನ್ನುವಳು. ಅವನು ಟವೆಲು ಕೆಳಗಿಟ್ಟು ಊಟಕ್ಕೆ ಕೂರುವನು. ಇದು ನಮಗೆಲ್ಲ ಅಭ್ಯಾಸವಾಗಿಹೋಗಿತ್ತು, ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ಕಾಲ. ಒಂದು ದಿನ ಅವನು ಕಣದ ಹತ್ತಿರ ನನ್ನನ್ನು ನಿಲ್ಲಿಸಿ, ಬಂಗಾರಪೇಟೆಯಲ್ಲಿ ದಂಡಿಗೆ ಹೆಸರು ಕೊಟ್ಟು ಬಂದಿದ್ದೇನೆ ಎಂದ. ನನ್ನ ಕೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡ. "ನನ್ ಕಾಗ್ದ ಬರೋಗಂಟ ಅಮ್ಮನ ಕಿವಿಗೆ ಆಕ್ಬೇಡ. ಗೊತ್ತಾದ್ರೆ ಬಂದು ರೈಲಿಗೆ ಅಡ್ಡ ಮಲಗ್ತಾಳೆ. ಆಣೆ ಮಾಡು." ಮಾಡಿದೆ. ಮಾರನೆಯ ದಿನ ಅವನು ಇರಲಿಲ್ಲ. ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಗಣಿಗೆ ಓದ, ಅಂದಂಗೇ ಮಾಡ್ದ" ಎಂದಳು.

ಕಾಗದ ಬಂತು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಅಂಚೆಯವನು ನನ್ನ ಕೈಗೇ ಕೊಟ್ಟ. ನಾಲ್ಕೇ ಸಾಲು. ಹಡಗು ಹತ್ತುತ್ತಿದ್ದೇವೆ, ಎಲ್ಲಿಗೆ ಅಂತ ಹೇಳಿಲ್ಲ, ಮುಟ್ಟಿದ ಮೇಲೆ ಇನ್ನೊಂದು ಬರೆಯುತ್ತೇನೆ, ಆಗ ಅಮ್ಮನಿಗೆ ಎರಡನ್ನೂ ಒಟ್ಟಿಗೆ ಓದಿ ಹೇಳು. ಆ ಇನ್ನೊಂದು ಕಾಗದ ಇವತ್ತಿನವರೆಗೂ ಬಂದಿಲ್ಲ. ಕೆಲವು ತಿಂಗಳಾದ ಮೇಲೆ ಬೂದಿಕೋಟೆಯ ಶಾಲೆಯಲ್ಲಿ ಮೇಷ್ಟ್ರು ಪೇಪರು ಓದುತ್ತಿದ್ದರು. ಸಮುದ್ರದಾಚೆ ಪೂರ್ವದ ಊರುಗಳು ಒಂದೊಂದಾಗಿ ಜಪಾನಿನವರ ಪಾಲಾದವು ಎಂದು ಕೇಳಿ ನಾನು ಎಲ್ಲೂ ನಿಲ್ಲದೆ ಹಳ್ಳಿಯವರೆಗೆ ನಡೆದು ಬಂದೆ. ಮೊದಲು ಆಣೆಗಾಗಿ ಸುಮ್ಮನಿದ್ದೆ. ಆಮೇಲೆ ಹೆದರಿ ಸುಮ್ಮನಿದ್ದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಅಮ್ಮ ಕೇಳುತ್ತಾಳಲ್ಲ, ಆ ಪ್ರಶ್ನೆಗೆ ದಿನಾ ಒಂದು ದಿನ ಸೇರಿಕೊಳ್ಳುತ್ತಿತ್ತು.

ಅಮ್ಮ ಮಗನನ್ನು ಹುಡುಕಲು ಹೊರಟಳು. ನೆಪಕ್ಕೆ ಬೆಣ್ಣೆ. ವಾರವೆಲ್ಲ ಕಡೆದ ಬೆಣ್ಣೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿ ಬುಟ್ಟಿಗೆ ಜೋಡಿಸಿ, ಮಂಗಳವಾರ ಬೆಳಗ್ಗೆ ಗಾಡಿಯಲ್ಲಿ ಬಂಗಾರಪೇಟೆ, ಅಲ್ಲಿಂದ ರೈಲಿನಲ್ಲಿ ಊರಿಗಾಂ. ಜೊತೆಗೆ ನಾನು. ಬೆಣ್ಣೆ ಬೇಗ ಮುಗಿಯುತ್ತಿತ್ತು. ಆಮೇಲೆ ಅಮ್ಮ ಗಣಿಯ ಗೇಟಿನ ಮುಂದೆ ನಿಲ್ಲುವಳು. ಪಾಳಿ ಮುಗಿಸಿ ಮೇಲೆ ಬಂದವರ ಮುಖದ ತುಂಬ ಧೂಳು, ಎಲ್ಲರೂ ಒಂದೇ ಥರ. ಅಮ್ಮ ಒಬ್ಬೊಬ್ಬರ ಮುಖಕ್ಕೂ ಮುಖ ಹಚ್ಚಿ ನೋಡುವಳು. ಅವಳು ಕನ್ನಡದಲ್ಲಿ ಕೇಳಿದರೆ ಒಬ್ಬ ತಮಿಳಿನಲ್ಲಿ ತಲೆಯಾಡಿಸುವನು, ಇನ್ನೊಬ್ಬ ತೆಲುಗಿನಲ್ಲಿ ಪಕ್ಕದ ನಂದಿದುರ್ಗದ ಗಣಿಯ ಕಡೆ ಕೇಳು ಎನ್ನುವನು. ನಂದಿದುರ್ಗದ ಲೈನುಗಳಿಗೂ ಹೋದೆವು. ನಾನು ಹಿಂದೆ ಹಿಂದೆ ನಡೆಯುತ್ತಿದ್ದೆ. ನನಗೆ ಗೊತ್ತಿತ್ತು, ಅವನು ಇಲ್ಲಿಲ್ಲ. ಗೊತ್ತಿದ್ದೂ ನಡೆದೆ. ಈ ನಾಚಿಕೆ ಇನ್ನೂ ಹೋಗಿಲ್ಲ.

ನಮ್ಮ ಬೆಣ್ಣೆ ಕೊಳ್ಳುತ್ತಿದ್ದ ಒಬ್ಬ ತಮಿಳು ಹೆಂಗಸು, ಗಂಡ ಗಣಿಯ ಕೆಲಸಗಾರ, ಒಂದು ದಿನ ಅಮ್ಮನ ಕೈ ಹಿಡಿದು ಹೇಳಿದಳು. "ಅಂತೋಣಿಯಾರ್ ಕಿಟ್ಟೆ, ಅವ್ರ ಹತ್ರ ಕೇಳಮ್ಮಾ. ಕಳ್ದೋದದ್ದು ಏನಿದ್ರೂ ತಂದ್ಕೊಡ್ತಾರು. ಇವತ್ತು ಅವ್ರ ದಿನವೇ, ಮಂಗಳವಾರ."

ಹೀಗೆ ನಾವು ಆ ಚರ್ಚಿನ ಒಳಗೆ ಹೋದೆವು. ಅರ್ಧ ಕಲ್ಲಿನ ಗೋಡೆ, ಮೇಲೆ ತಗಡು, ಒಳಗೆ ಮೇಣದ ಬತ್ತಿಯ ವಾಸನೆ. ಅಂತೋಣಿಯಾರ್ ಬಾಗಿಲ ಪಕ್ಕದ ಗೂಡಿನಲ್ಲಿ ನಿಂತಿದ್ದರು. ಕಂದು ಬಣ್ಣದ ನಿಲುವಂಗಿ, ಸೊಂಟಕ್ಕೆ ಹಗ್ಗ, ನೆತ್ತಿ ಬೋಳಿಸಿ ಸುತ್ತ ಕೂದಲು ಬಿಟ್ಟ ತಲೆ, ಎಡಗೈಯ ಮೇಲೆ ಕೂತ ಒಂದು ಮಗು. ಅಮ್ಮ ಬಹಳ ಹೊತ್ತು ನೋಡಿದಳು.

"ನೋಡೇ. ಎಂಡ್ರು ಸತ್ತೋಗವ್ಳೆ ಅನ್ಸುತ್ತೆ ಪಾಪ. ಕೂಸ್ನ ತಾನೇ ಎತ್ಕಂಡು ಸಾಕ್ತಾವ್ನೆ" ಎಂದಳು.

ನನಗೂ ಹಾಗೇ ಕಂಡಿತ್ತು. ಗಂಡಸು ಮಗುವನ್ನು ಎತ್ತಿಕೊಂಡು ನಿಂತಿದ್ದಾನೆ ಎಂದರೆ ಇನ್ನೇನು? ಅಮ್ಮನಿಗೆ ಆ ಕ್ಷಣವೇ ಅವರ ಮೇಲೆ ಸಲಿಗೆ ಹುಟ್ಟಿತು. ಬೇರೆ ದೇವರಿಗೆ ಕೈ ಮುಗಿಯುತ್ತಿದ್ದವಳು ಇವರ ಎದುರು ಮಾತ್ರ ಸೊಂಟಕ್ಕೆ ಕೈಯಿಟ್ಟು ಮಾತಾಡುವಳು. ಇಬ್ಬರೂ ಒಂಟಿಯಾಗಿ ಮಕ್ಕಳನ್ನು ಬೆಳೆಸಿದವರಲ್ಲವೇ! "ನಿಂಗೂ ಗೊತ್ತು, ನಂಗೂ ಗೊತ್ತು, ಒಬ್ರೇ ಸಾಕೋದು ಎಷ್ಟು ಕಷ್ಟ ಅಂತ. ನನ್ ಮಗ ಇಲ್ಲೇ ಯಾವ್ದೋ ತೂತ್ನಲ್ಲಿ ಇಳ್ದವ್ನೆ. ಎತ್ಕೊಡಪ್ಪ" ಎಂದು ಕೇಳಿದಳು. ಹಾಗೆ ಎಷ್ಟೋ ಮಂಗಳವಾರ ಕೇಳಿದಳು.

ಅವಳು ಕೇಳುವಾಗ ನಾನು ಒಳಗೆ ನಿಲ್ಲುತ್ತಿರಲಿಲ್ಲ. ಹೊರಗೆ ಚರ್ಚನ್ನು ಸುತ್ತುತ್ತಿದ್ದೆ. ಅಲ್ಲಿ ಬೀಗದ ಕೈ ಇಟ್ಟುಕೊಂಡಿದ್ದ ಮುದುಕರೊಬ್ಬರು, ಎಲ್ಲರೂ ಉಪದೇಶಿಯಾರ್ ಎನ್ನುತ್ತಿದ್ದರು, ಜಗಲಿಯ ಮೇಲೆ ಕೂತಿರುವರು. ಪಾದ್ರಿ ದೊಡ್ಡ ಚರ್ಚಿನಿಂದ ವಾರಕ್ಕೊಮ್ಮೆ ಬರುವವರು, ಮಿಕ್ಕ ದಿನ ಜಪ ಹೇಳಿಸುವುದು, ದೀಪ ಹಚ್ಚುವುದು, ಗುಡಿಸುವುದು ಎಲ್ಲ ಇವರದೇ. ಗಣಿಯಲ್ಲಿ ಒಂದು ಕಾಲು ಜಜ್ಜಿಹೋದ ಮೇಲೆ ಈ ಕೆಲಸ, ಚರ್ಚಿಗೆ ಅಂಟಿಕೊಂಡ ಒಂದು ಕೋಣೆಯ ಮನೆ. ನಾನು ಮೂರನೆಯ ಸುತ್ತು ಬರುವಾಗ "ಕೂತ್ಕೋ ಅಮ್ಮಾ, ನೋಡೋನಿಗೆ ತಲೆ ಸುತ್ತುತೆ" ಎನ್ನುವರು. ನಾನು ನಿಂತುಕೊಂಡೇ ಕಥೆ ಕೇಳುತ್ತಿದ್ದೆ.

ಅವರ ತಂದೆ ಆರ್ಕಾಟಿನ ಕಡೆಯಿಂದ ಬಂದದ್ದು ಇಲ್ಲಿ ಗಣಿಗೆ ಮೊದಮೊದಲ ಬಾವಿ ತೋಡುತ್ತಿದ್ದ ಕಾಲದಲ್ಲಿ. ಗಂಟಿನಲ್ಲಿ ಒಂದು ಬಟ್ಟೆ, ಅಂತೋಣಿಯಾರ್ ಪಟ ಒಂದು. ಮೊದಲು ಪಟಕ್ಕೆ ಗರಿಯ ಚಪ್ಪರ, ಅದು ಸುಟ್ಟ ಮೇಲೆ ತಗಡಿನ ಶೆಡ್ಡು, ಆಮೇಲೆ ಈ ಕಲ್ಲಿನ ಗೋಡೆ. ಕೆಲಸಗಾರರಿಗೆ ಮನೆ ಸಿಕ್ಕುವಷ್ಟು ನಿಧಾನವಾಗಿಯೇ ಸಂತನಿಗೂ ಸಿಕ್ಕಿತು ಎಂದು ನಗುವರು. ಆ ಕಾಲದಲ್ಲಿ ಇಟಲಿಯಿಂದ ಬಂದ ಗಣಿಗಾರರೂ ಇದ್ದರಂತೆ, ಅವರು ಬಂದು ಅಂತೋಣಿಯಾರ್ ನಮ್ಮೂರವರು ಎಂದರಂತೆ. ಅಲ್ಲ, ಅವರು ಹುಟ್ಟಿದ್ದು ಪೋರ್ಚುಗಲ್ಲು ಎಂದು ಪಾದ್ರಿ. ಉಪದೇಶಿಯಾರ್ ತಂದೆಗೆ ಮಾತ್ರ ಅವರು ಆರ್ಕಾಟಿನವರೇ.

"ದೊಡ್ಡ ಮನೆ ಮಗ ಅವ್ರು. ಎಲ್ಲಾ ಬಿಟ್ಟು ಸನ್ಯಾಸಿಯಾಗಿ ಓಗ್ಬಿಟ್ರು. ಆಫ್ರಿಕಾಗೆ ಓಗಿ ದೇವ್ರ ಮಾತು ಹೇಳಿ ಅಲ್ಲೇ ಸಾಯ್ಬೇಕು ಅಂತ ಆಸೆ. ಓದ ಕೂಡ್ಲೆ ಕಾಯ್ಲೆ ಬಂತು. ವಾಪಸ್ ಬರ್ಬೇಕಾದ್ರೆ ಬಿರುಗಾಳಿ. ಹಡಗು ಎಲ್ಲಿಗೋ ಓಗ್ಬೇಕು, ಎಲ್ಲಿಗೋ ತಳ್ಕೊಂಡೋಯ್ತು. ಇಟಲಿ ಕಡೆ ಓಗಿ ಬಿದ್ರು."

ಹಡಗು ಎಂದ ಕೂಡಲೇ ನಾನು ಮತ್ತೊಂದು ಸುತ್ತು ಹೊರಟೆ. ತಿರುಗಿ ಬಂದು ಕೇಳಿದೆ. "ಮನೆ ಬಿಡೋವಾಗ ಅವರ ತಾಯಿಗೆ ಹೇಳಿ ಹೋಗಿದ್ದರಾ?"

ಮುದುಕರು ಯೋಚಿಸಿದರು. "ಅದನ್ನ ಯಾರೂ ನನಗೆ ಹೇಳಿಲ್ಲಮ್ಮಾ" ಎಂದರು.

ಇನ್ನೂ ಹೇಳುತ್ತಿದ್ದರು. ಜನ ಕೇಳದೆ ಹೋದಾಗ ಸಮುದ್ರದ ದಡದಲ್ಲಿ ನಿಂತು ಮೀನುಗಳಿಗೆ ಬೋಧಿಸಿದರು, ಮೀನು ತಲೆಯೆತ್ತಿ ಕೇಳಿದವು. ಒಬ್ಬ ಹುಡುಗ ಸನ್ಯಾಸ ಬೇಡವೆಂದು ಓಡಿಹೋಗುವಾಗ ಅವರ ಜಪದ ಪುಸ್ತಕ ಕದ್ದುಕೊಂಡು ಹೋದ, ಇವರು ಪ್ರಾರ್ಥಿಸಿದರು, ಅವನಿಗೆ ದಾರಿಯಲ್ಲಿ ದಿಗಿಲಾಗಿ ಪುಸ್ತಕದ ಜೊತೆ ತಾನೂ ವಾಪಸು ಬಂದ. ಅಲ್ಲಿಂದ ಶುರುವಾಯಿತು, ಕಳೆದದ್ದಕ್ಕೆಲ್ಲ ಅಂತೋಣಿಯಾರ್. ನಲವತ್ತು ತುಂಬುವ ಮುಂಚೆಯೇ ತೀರಿಕೊಂಡರು. ಎಷ್ಟೋ ವರ್ಷದ ಮೇಲೆ ಗೋರಿ ತೆಗೆದರೆ ದೇಹ ಮಣ್ಣಾಗಿತ್ತು, ನಾಲಗೆ ಮಾತ್ರ ಹಾಗೇ ಇತ್ತು. ಅದನ್ನು ದೊಡ್ಡ ಚರ್ಚಿನಲ್ಲಿ ಇಟ್ಟಿದ್ದಾರೆ. ನಿಜ ಹೇಳಿದ ನಾಲಗೆ ಕೊಳೆಯುವುದಿಲ್ಲ ಎಂದರು ಉಪದೇಶಿಯಾರ್. ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಆದರೂ ನನಗೆ ಅವರ ಮೇಲೆ ಸಿಟ್ಟು ಬಂತು.

ಇಷ್ಟೆಲ್ಲ ಹೇಳಿದ ಮುದುಕರು ಆ ಮಗು ಯಾರದು ಎಂದು ಮಾತ್ರ ಹೇಳಲಿಲ್ಲ. ಅವರ ಪ್ರಕಾರ ಅದು ಭೂಮಿಯ ಮೇಲೆ ಎಲ್ಲರಿಗೂ ಗೊತ್ತಿರುವ ಸಂಗತಿ. ನಾನೂ ಕೇಳಲಿಲ್ಲ. ನಮ್ಮ ಕಡೆ ಮಕ್ಕಳಾದ ಮೇಲೆ ಕಾವಿ ಉಟ್ಟವರು ಬೇಕಾದಷ್ಟು ಜನ. ಹಾಗೇ ಇವರೂ ಎಂದುಕೊಂಡೆ.

ಬೇಸಿಗೆಯ ಒಂದು ಮಂಗಳವಾರ, ಅಮ್ಮ ಸಂತನ ಎದುರು ನಿಂತಿರುವಾಗಲೇ ಭೂಮಿ ನಡುಗಿತು. ತಗಡು ಗಡಗಡ ಎಂದಿತು, ಬತ್ತಿಗಳು ಉರುಳಿದವು. ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಹೀಗಾಗುತ್ತದೆ, ಅದಕ್ಕೆ ಅಲ್ಲಿಯವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಲೈನಿನ ಪ್ರತಿ ಬಾಗಿಲಿಂದಲೂ ಹೆಂಗಸರು ಹೊರಗೆ ಬಿದ್ದರು. ಒಲೆಯ ಮೇಲೆ ಇಟ್ಟದ್ದನ್ನು ಇಟ್ಟ ಹಾಗೇ ಬಿಟ್ಟು ಗಣಿಯ ಕಡೆ ಓಡಿದರು. ಅವರ ನಡುವೆ ನಮ್ಮಮ್ಮ, ಸೆರಗು ಜಾರಿ, ಅಣ್ಣನ ಹೆಸರು ಕೂಗುತ್ತ. ನಾನು ಅವಳ ಹಿಂದೆ ಓಡಿದೆ. "ಅಮ್ಮಾ, ನಿಲ್ಲು" ಎಂದು ಕೂಗಿದೆ. ಅವನು ಅಲ್ಲಿಲ್ಲ ಎಂಬ ಎರಡು ಪದ ಬಾಯಿಗೆ ಬಂದಿತ್ತು, ಹೊರಗೆ ಬರಲಿಲ್ಲ.

ಗೇಟಿನ ಮುಂದೆ ಬಹಳ ಹೊತ್ತು ನಿಂತೆವು. ಒಬ್ಬೊಬ್ಬರಾಗಿ ಮೇಲೆ ಬಂದರು. ಗಾಯವಾದವರು ಕೆಲವರು, ಅವರ ಮನೆಯವರು ಅಳುತ್ತ ಜೊತೆ ಹೋದರು. ಮಿಕ್ಕವರು ತಮ್ಮ ತಮ್ಮ ಗಂಡಸರ ಕೈ ಹಿಡಿದು ಮನೆಗೆ ಹೋದರು. ಅಮ್ಮ ಒಬ್ಬಳೇ ಉಳಿದಳು. ಅವಳ ಪಾಲಿಗೆ ಯಾರೂ ಮೇಲೆ ಬರಲಿಲ್ಲ.

"ನೀನು ಟೇಸನ್‌ಗೆ ನಡಿ. ಬುಟ್ಟಿ ಗುಡೀಲಿ ಬಿಟ್ಬಂದಿವ್ನಿ, ತಕ್ಕಂಡು ಬತ್ತೀನಿ" ಎಂದಳು. ಸ್ಟೇಷನ್ನಿಗೆ ಬರುವಾಗ ಬುಟ್ಟಿ ತಲೆಯ ಮೇಲಿರಲಿಲ್ಲ, ಸೊಂಟದ ಮೇಲಿತ್ತು, ಮೇಲೆ ಬಟ್ಟೆ ಮುಚ್ಚಿತ್ತು. ನಾನು ಕೇಳಲಿಲ್ಲ. ಅವಳ ಕಣ್ಣಿಗೆ ಕಣ್ಣು ಕೊಡುವುದನ್ನು ಬಿಟ್ಟು ಬಹಳ ದಿನವಾಗಿತ್ತು.

ಬೆಳಗ್ಗೆ ಬಚ್ಚಲಲ್ಲಿ ಅಮ್ಮ ಯಾರಿಗೋ ಲಾಲಿ ಹೇಳುತ್ತಿದ್ದಳು. ಹೋಗಿ ನೋಡಿದರೆ ಕಾಲು ನೀಡಿಕೊಂಡು ಕೂತಿದ್ದಾಳೆ, ಕಾಲ ಮೇಲೆ ಅಂತೋಣಿಯಾರ್ ಕೈಯ ಮಗು. ಹರಳೆಣ್ಣೆ ಹಚ್ಚಿ ತೀಡುತ್ತಿದ್ದಾಳೆ.

"ಅಮ್ಮಾ! ಇದೇನು ಮಾಡಿದೆ?"

"ಏನು ಮಾಡ್ದೆ? ನನ್ ಮಗ ಬಂದ್ ದಿನ ವಾಪಸ್ ಕೊಡ್ತೀನಿ. ಅಲ್ಲೀಗಂಟ ಅವ್ನೂ ಉಡುಕ್ಲಿ. ಇಷ್ಟ್ ದಿನ ಬಾಯ್ಬಿಟ್ಟು ಕೇಳ್ದೆ, ತನ್ ಮಗ ಕೈಯಲ್ಲೇ ಅವ್ನಲ್ಲ, ನನ್ ಸಂಕ್ಟ ಎಂಗೆ ಅರ್ಥ ಆಯ್ತದೆ? ಈಗ ಆಯ್ತದೆ."

"ಮತ್ತೆ ಎಣ್ಣೆ ಯಾಕೆ ಹಚ್ಚುತ್ತಿದ್ದೀಯಾ?"

ಅಮ್ಮ ನನ್ನನ್ನು ಪೆದ್ದಿಯೆಂಬಂತೆ ನೋಡಿದಳು. "ಅಪ್ಪನ್ ಮ್ಯಾಲಿನ ಸಿಟ್ಟು ಕೂಸಿನ್ ಮ್ಯಾಲೆ ತೀರ್ಸ್ಕಳಾಕಾಯ್ತದೇನೇ?"

ಅಟ್ಟದಿಂದ ನಮ್ಮ ಹಳೆಯ ತೊಟ್ಟಿಲು ಇಳಿಯಿತು. ನನಗೆ ನಗು ಬರಬೇಕಿತ್ತು. ಬೇರೆಯವರ ಮನೆಯ ಕಥೆಯಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಮಗುವಿಗೆ ವಾರಕ್ಕೆ ಎರಡು ಸಲ ಎಣ್ಣೆನೀರು, ಸಾಂಬ್ರಾಣಿ ಹೊಗೆ, ದೃಷ್ಟಿಬೊಟ್ಟು. ಬಿಸಿನೀರು ಬಿದ್ದು ಕೆನ್ನೆಯ ಬಣ್ಣ ಹೋಯಿತು, ಆಮೇಲೆ ಅಂಗಿಯ ಬಣ್ಣ, ಒಳಗಿನ ಮರ ಕಾಣತೊಡಗಿತು. ಅಮ್ಮ ಊರಿಗಾಂಗೆ ಹೋಗುವುದನ್ನೇ ನಿಲ್ಲಿಸಿದಳು. ಈಗ ಹುಡುಕಿಕೊಂಡು ಬರುವುದು ಆ ಅಂತೋಣಿಯಾರ್ ಕೆಲಸ ಎಂದಳು. ದಿನಾ ಬಾಗಿಲ ಕಡೆ ನೋಡುತ್ತಿದ್ದಳು. ಅಷ್ಟು ಧೈರ್ಯದಿಂದ ಅವಳು ಕಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಹಿಂದೆ ಬರೀ ಆಸೆಯಿತ್ತು, ಈಗ ಕೈಯಲ್ಲಿ ಒತ್ತೆಯಿತ್ತು. ಮಗ ಬಂದೇ ಬರುತ್ತಾನೆ ಎಂದು ಅಕ್ಕಿ ಹಿಟ್ಟು ಮಾಡಿಟ್ಟಳು, ಅಣ್ಣನ ಪಂಚೆ ಒಗೆದು ಮಡಿಸಿಟ್ಟಳು. ನಾನು ಮನೆಯೊಳಗೆ ನಿಲ್ಲಲಾರದೆ ಎಮ್ಮೆಯನ್ನು ದಿನಕ್ಕೆ ಎರಡು ಸಲ ಕೆರೆಗೆ ಹೊಡೆದೆ.

ಬೆಣ್ಣೆ ತೆಗೆದುಕೊಂಡು ನಾನೊಬ್ಬಳೇ ಹೋಗಬೇಕಾಯಿತು. ಎರಡು ವಾರ ಚರ್ಚಿನ ಬೀದಿಗೇ ಹೋಗಲಿಲ್ಲ. ಮೂರನೇ ವಾರ ಬೆಣ್ಣೆ ಕೊಳ್ಳುವ ಹೆಂಗಸೇ ಸುದ್ದಿ ಹೇಳಿದಳು. ಜೂನ್ ತಿಂಗಳಲ್ಲಿ ಅಂತೋಣಿಯಾರ್ ಹಬ್ಬ, ತೇರಿಗೆ ಮುಂಚೆ ಮಗು ಸಿಕ್ಕದಿದ್ದರೆ ಬೀಗದ ಕೈ ಕೊಟ್ಟು ಮನೆ ಖಾಲಿ ಮಾಡಬೇಕೆಂದು ಪಾದ್ರಿ ಉಪದೇಶಿಯಾರ್‌ಗೆ ಹೇಳಿದ್ದಾರೆ. ಲೈನಿನಲ್ಲಿ ಕೆಲವರು ಮುದುಕನೇ ಯಾರಿಗೋ ಮಾರಿಕೊಂಡ ಎನ್ನುತ್ತಿದ್ದಾರೆ.

ಹೋಗಿ ನೋಡಿದೆ. ಅಂತೋಣಿಯಾರ್ ಎಡಗೈ ಹಾಗೇ ಮಡಿಸಿಕೊಂಡಿತ್ತು, ತೋಳಿನ ಮೇಲೆ ಒಂದು ಮರದ ಗೂಟ ಮಾತ್ರ. ತೇರಿನಲ್ಲಿ ಬೀಳಬಾರದೆಂದು ಮಗುವನ್ನು ಬೇರೆಯಾಗಿ ಕೆತ್ತಿ ಆ ಗೂಟಕ್ಕೆ ಕೂರಿಸಿದ್ದರಂತೆ. ಉಪದೇಶಿಯಾರ್ ಜಗಲಿಯಲ್ಲಿ ಕೂತಿದ್ದರು. ಕೂರು ಎನ್ನಲಿಲ್ಲ, ಕಥೆ ಹೇಳಲಿಲ್ಲ.

"ನಮ್ಮಪ್ಪ ಕೆತ್ತಿದ್ದು ಅದು" ಎಂದರು ಕೊನೆಗೆ. "ಗಣಿಯೊಳಗೆ ಬಂಡೆಗೆ ಆನ್ಸೋ ಮರ ಇರ್ತದಲ್ಲ, ಅದ್ರಲ್ಲಿ ಉಳ್ದ ತುಂಡು. ಅವ್ರು ಅಲ್ಲಿ ಮರದ ಕೆಲ್ಸ ಮಾಡ್ತಿದ್ರು. ಅವ್ರ ಕೈದು ಅಂತ ನನ್ ಹತ್ರ ಇದ್ದದ್ದು ಅದೊಂದೇ."

ಆಗ ಹೇಳಿದೆ. ಎಲ್ಲವನ್ನೂ ಅಲ್ಲ. ಮಗು ನಮ್ಮ ಮನೆಯಲ್ಲಿದೆ, ಅಮ್ಮ ತಂದಿದ್ದಾಳೆ, ಮಗ ಬರುವವರೆಗೆ ಕೊಡುವುದಿಲ್ಲ ಎನ್ನುತ್ತಾಳೆ, ಇಷ್ಟು. ದೊಡ್ಡದನ್ನು ಮುಚ್ಚಿಡಲು ಸಣ್ಣದನ್ನು ಒಪ್ಪಿಸಿದೆ. ಮುದುಕರು ಕೋಪಿಸಿಕೊಳ್ಳಲಿಲ್ಲ. ಕೋಲು ತೆಗೆದುಕೊಂಡು ಎದ್ದು "ನಡಿ" ಎಂದರು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಹಳ್ಳಿಯಲ್ಲಿದ್ದೆವು. ಅಮ್ಮ ತೊಟ್ಟಿಲು ತೂಗುತ್ತ ಅಕ್ಕಿ ಆರಿಸುತ್ತಿದ್ದಳು. ಉಪದೇಶಿಯಾರನ್ನು ಕಂಡದ್ದೇ ಮುಖ ಅರಳಿತು.

"ಕಳ್ಸವ್ನಾ ಅವ್ನು? ನನ್ ಮಗ ಸಿಕ್ಕಿದ್ನಾ?"

ಮುದುಕರು ತೊಟ್ಟಿಲೊಳಗೆ ಬಗ್ಗಿ ನೋಡಿದರು. ಬಣ್ಣ ಕಳೆದುಕೊಂಡು, ಎಣ್ಣೆ ಕುಡಿದು ಮಿರಿಮಿರಿ ಎನ್ನುತ್ತಿದ್ದ ಆ ಮರದ ತುಂಡಿನ ಹಣೆಯಲ್ಲಿ ಕಪ್ಪು ಬೊಟ್ಟು. ಅವರು ಕಂಬಕ್ಕೆ ಒರಗಿ ಕೂತರು.

"ಅಮ್ಮಾ, ಅಂತೋಣಿಯಾರ್ ಮೇಲೆ ನಿನಗೆ ಸಿಟ್ಟು, ಸರಿ. ಆದ್ರೆ ಇದು ಅವ್ರ ಮಗು ಅಲ್ಲ. ಅವ್ರು ಸನ್ಯಾಸಿ. ಮದ್ವೇನೇ ಇಲ್ಲ. ಒಂದಿನ ಜಪ ಮಾಡ್ತಾ ಇರೋವಾಗ ಈ ಮಗು ಕಾಣಿಸ್ಕೊಂಡು ಅವ್ರ ಕೈಗೆ ಬಂತು. ಅಷ್ಟೇ. ಎತ್ತಿಕೊಂಡಿದ್ದಾರೆ, ಅವ್ರದಲ್ಲ."

ಅಮ್ಮನ ಕೈ ತೊಟ್ಟಿಲ ಮೇಲೆ ನಿಂತಿತು. "ಮತ್ಯಾರ್ದು?"

"ನಮ್ಮ ಗುಡೀಲಿ ಇನ್ನೊಂದು ಕಡೆ ನೀಲಿ ಸೆರಗು ಹೊದ್ಕೊಂಡು ಒಬ್ಬರು ತಾಯಿ ನಿಂತಿದಾರಲ್ಲ, ಕೈ ಜೋಡ್ಸ್ಕೊಂಡು. ನಾವು ಮಾತಾ ಅಂತೀವಿ. ಅವ್ರ ಮಗು."

ಅಮ್ಮ ಅಷ್ಟು ತಿಂಗಳು ಆ ಚರ್ಚಿಗೆ ಹೋಗಿ ಅಂತೋಣಿಯಾರ್ ಒಬ್ಬರನ್ನೇ ನೋಡಿದ್ದಳು, ಬೇರೆ ಕಡೆ ಕತ್ತು ತಿರುಗಿಸಿರಲಿಲ್ಲ. 

"ಎತ್ತ ತಾಯಿ ಅಲ್ಲೇ ನಿಂತವ್ಳಾ? ನಾನು ಎತ್ಕಂಡು ಬರೋವಾಗ ನೋಡ್ತಾ ಇದ್ಲಾ?"

ಅಮ್ಮ ಅಕ್ಕಿಯ ಮೊರ ಕೆಳಗಿಟ್ಟಳು. ಮಗುವನ್ನು ಅಣ್ಣನ ಒಗೆದ ಪಂಚೆಯಲ್ಲಿ ಸುತ್ತಿಕೊಂಡಳು. "ಗಾಡಿ ಕಟ್ಸೇ" ಎಂದಳು. ಮುದುಕರಿಗೆ ನೀರು ಕೊಡುವುದನ್ನೂ ಮರೆತಿದ್ದಳು, ನಾನು ಕೊಟ್ಟೆ.

ಹೊತ್ತು ಮುಳುಗುವ ಮುಂಚೆ ಊರಿಗಾಂ ಮುಟ್ಟಿದೆವು. ಚರ್ಚಿನಲ್ಲಿ ಯಾರೂ ಇರಲಿಲ್ಲ. ಅಮ್ಮ ಅಂತೋಣಿಯಾರ್ ಕಡೆ ನೋಡಲೂ ಇಲ್ಲ, ನೇರವಾಗಿ ಹೋಗಿ ಮಾತೆಯ ಪಾದದ ಹತ್ತಿರ ಮಗುವನ್ನು ಇಟ್ಟು ಅಡ್ಡಬಿದ್ದಳು.

"ಗೊತ್ತಿರ್ಲಿಲ್ಲ ಕಣಮ್ಮಾ. ಚೆನ್ನಾಗ್ ನೋಡ್ಕಂಡಿವ್ನಿ. ಬಣ್ಣ ಓಗೈತೆ, ಮೈಗೇನೂ ಆಗಿಲ್ಲ. ಒಂದಿನಾನೂ ಒಂಟಿಯಾಗಿ ಬಿಟ್ಟಿಲ್ಲ."

ಎದ್ದು ಕೂತಳು. ಉಪದೇಶಿಯಾರ್ ಕಡೆ ತಿರುಗಿ ಕೇಳಿದಳು. ಯಾರ ಮನೆಯ ಮಗುವಿನ ಬಗ್ಗೆಯಾದರೂ ಹೆಂಗಸರು ಕೇಳುವ ಹಾಗೇ ಕೇಳಿದಳು. "ದೊಡ್ಡೋನಾಗಿ ಏನಾದ ಇವ್ನು?"

ಮುದುಕರು ಕೋಲಿನ ಮೇಲೆ ಭಾರ ಹಾಕಿ ನಿಂತು, ಪೀಠದ ಮೇಲುಗಡೆ ಗೋಡೆಯತ್ತ ತಲೆಯೆತ್ತಿದರು. ಅಮ್ಮನೂ ತಲೆಯೆತ್ತಿದಳು. ಶಿಲುಬೆಯ ಮೇಲೆ ಕೈಕಾಲಿಗೆ ಮೊಳೆ ಹೊಡೆಸಿಕೊಂಡು ತಲೆ ಬಗ್ಗಿಸಿದವನನ್ನು ಅವಳು ಅವತ್ತೇ ನೋಡಿದ್ದು.

"ಅದು ಈ ಕೂಸೇನಾ?"

"ಹೂಂ ಅಮ್ಮಾ. ಅದೇ."

ಅಮ್ಮ ಮಗುವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು. ಅದರ ಅಂಗೈ ಬಿಡಿಸಿ ನೋಡಿದಳು, ಎಷ್ಟು ದಿನ ಎಣ್ಣೆ ತೀಡಿದ ಅಂಗೈ. ಅಂಗಾಲು ನೋಡಿದಳು. ಆಮೇಲೆ ಮಾತೆಯ ಮುಖ ನೋಡಿದಳು.

"ಆಮ್ಯಾಕೆ?"

"ಮೂರನೇ ದಿನ ಎದ್ದು ಬಂದ್ರು. ತಾಯಿಗೆ ಮಗ ಸಿಕ್ಕಿದ್ರು."

"ಮೂರೇ ದಿನಾನಾ?" ಎಂದಳು ಅಮ್ಮ. ಮಾತೆಗೇ ಹೇಳಿದಳು. "ಪುಣ್ಯವಂತೆ ಕಣೇ ತಾಯಿ ನೀನು. ಬರೀ ಮೂರು ದಿನ. ನಂಗೆ ಒಂದೂವರೆ ವರ್ಸ ಆಯ್ತು."

ಅಸೂಯೆಯಿಂದ ಹೇಳಲಿಲ್ಲ. ಇನ್ನೊಬ್ಬಳ ಸಂತೋಷಕ್ಕೆ ಒಳಗಿಂದ ಸಂತೋಷಪಟ್ಟು ಹೇಳಿದಳು. ನನಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಬ್ಲಾಸ್ಟಿನ ದಿನ ಬಾರದ ಮಾತು ತಾನಾಗಿ ಹೊರಗೆ ಬಿತ್ತು.

"ಅಮ್ಮಾ, ಅಣ್ಣ ಗಣಿಗೆ ಬರಲೇ ಇಲ್ಲ. ದಂಡಿಗೆ ಸೇರಿಕೊಂಡ. ಹಡಗು ಹತ್ತಿದ. ಕಾಗದ ಬರೆದಿದ್ದ. ನಾನು ನಿನಗೆ ಹೇಳಲಿಲ್ಲ."

ಅವಳು ತಿರುಗಿ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದುಕೊಂಡೆ.

"ಎಲ್ಲೈತೆ ಕಾಗ್ದ?"

"ಮನೆಯಲ್ಲಿ."

"ನಿಂಗೆ ಬಾಯಿಗೆ ಬಂದಿರ್ತೈತೆ. ಯೋಳು."

ನಾಲ್ಕು ಸಾಲು ಹೇಳಿದೆ. ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಅಮ್ಮನಿಗೆ ಎರಡನ್ನೂ ಒಟ್ಟಿಗೆ ಓದಿ ಹೇಳು ಎಂಬಲ್ಲಿಗೆ ಬಂದಾಗ ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಪೂರ್ವದ ಊರುಗಳ ಸುದ್ದಿಯನ್ನೂ ಹೇಳಿದೆ. ಉಪದೇಶಿಯಾರ್ ಎದ್ದು ಹೊರಗೆ ಹೋದರು. ಅಮ್ಮ ಮಗುವಿನ ಹಣೆಯ ಬೊಟ್ಟನ್ನು ಸೆರಗಿನಿಂದ ಒರೆಸಿ ಅದನ್ನು ಮಾತೆಯ ಪಾದದ ಹತ್ತಿರ ಮತ್ತೆ ಇಟ್ಟಳು.

"ಒಂದೂವರೆ ವರ್ಸ ಯಾರ್ಯಾರ್ದೋ ಮಕ ನೋಡ್ದೆ ಕಣೇ ನಾನು" ಎಂದಳು. "ನೀನು ಪಕ್ದಲ್ಲೇ ನಿಂತಿದ್ದೆ."

ಹಬ್ಬ ನಡೆಯಿತು. ಮಗು ಎಲ್ಲಿತ್ತು ಎಂದು ಪಾದ್ರಿ ಕೇಳಿದ್ದಕ್ಕೆ, ಒಬ್ಬ ತಾಯಿ ಸ್ನಾನ ಮಾಡಿಸಲು ಒಯ್ದಿದ್ದರು ಎಂದಷ್ಟೇ ಉಪದೇಶಿಯಾರ್ ಹೇಳಿದರಂತೆ, ಬೀಗದ ಕೈ ಅವರ ಹತ್ತಿರವೇ ಉಳಿಯಿತಂತೆ. ಬಣ್ಣ ಬಳಿಯಲು ದಿನ ಸಾಲದೆ ಮರದ ಮಗುವೇ ತೇರಿನಲ್ಲಿ ಹೋಯಿತಂತೆ. ಇದೆಲ್ಲ ಬೆಣ್ಣೆ ಕೊಳ್ಳುವ ಹೆಂಗಸು ಆಮೇಲೆ ನನಗೆ ಹೇಳಿದ್ದು. ಆ ಹಬ್ಬಕ್ಕೆ ನಾವು ಹೋಗಲಿಲ್ಲ.

ಮಗುವನ್ನು ಒಪ್ಪಿಸಿದ ಆ ಸಂಜೆ ಸ್ಟೇಷನ್ನಿನವರೆಗೆ ಅಮ್ಮ ಮುಂದೆ, ನಾನು ಹಿಂದೆ ನಡೆದೆವು. ಪಾಳಿ ಮುಗಿದು ಗಂಡಸರು ಗುಂಪುಗುಂಪಾಗಿ ಎದುರಿಗೆ ಬರುತ್ತಿದ್ದರು. ಅವಳು ಒಬ್ಬರ ಮುಖವನ್ನೂ ನೋಡಲಿಲ್ಲ. ರೈಲಿನಲ್ಲಿ ಜಾಗ ಬೇಕಾದಷ್ಟಿತ್ತು. ನಾನು ಸರಿದು ಪಕ್ಕದಲ್ಲಿ ಜಾಗ ಬಿಟ್ಟೆ. ಅಮ್ಮ ಡಬ್ಬಿಯ ಇನ್ನೊಂದು ತುದಿಗೆ ಹೋಗಿ ಕೂತಳು.